ಶನಿವಾರ ಉಗಿ ರೈಲಿನ ಬೂದಿ ಬಾಚುತ್ತೇನೆ, ಸಂಬಳ ಇಲ್ಲ. ಕೇಳುವುದಿದ್ದರೆ ಕೇಳಿ

ಸಲಿಕೆ_ಸೋಮ · ಭಾನುವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಈಗ ಇರುವುದು ಬರ್ಮಿಂಗ್‌ಹ್ಯಾಮ್. ಹೊಟ್ಟೆಪಾಡಿಗೆ ಕಂಪ್ಯೂಟರ್ ಕುಟ್ಟುತ್ತೇನೆ. ಇನ್ನೊಂದು ಚರ್ಚೆಯಲ್ಲಿ ಮಾತು ಬಂದು, ನಾನು ವೇಲ್ಸ್‌ನಲ್ಲಿ ಒಂದು ಹಳೇ ಉಗಿ ರೈಲಿನಲ್ಲಿ ಸ್ವಯಂಸೇವಕ ಅಂತ ಹೇಳಿಬಿಟ್ಟೆ. ಅವತ್ತಿನಿಂದ ಪ್ರಶ್ನೆಗಳು ನಿಂತಿಲ್ಲ. ಒಂದೇ ಕಡೆ ಉತ್ತರ ಕೊಡೋಣ ಅಂತ ಈ ಎಳೆ ತೆಗೆದಿದ್ದೇನೆ.

ರೈಲಿನ ಹೆಸರು ಟಾಲಿಲಿನ್. ಅದನ್ನು ಸರಿಯಾಗಿ ಹೇಳಬೇಕಾದರೆ ಕೊನೆಯ ‘ಲಿ’ಗೆ ನಾಲಿಗೆಯ ಅಂಚಿನಿಂದ ಗಾಳಿ ಬಿಡಬೇಕಂತೆ. ಮೂರು ವರ್ಷವಾಗುತ್ತಾ ಬಂತು, ನನಗೆ ಬರೀ ಎಂಜಲು ಹಾರುತ್ತದೆ. ಸಮುದ್ರದ ಪಕ್ಕದ ಟವಿನ್ ಅನ್ನುವ ಊರಿಂದ ಬೆಟ್ಟದೊಳಗೆ ಸುಮಾರು 12 ಕಿಲೋಮೀಟರ್ ಹೋಗುತ್ತದೆ. ಹಳಿಗಳ ನಡುವೆ 686 ಮಿಲಿಮೀಟರ್. ನಮ್ಮ ಹಳೇ ಮೀಟರ್ ಗೇಜೇ ಇದರ ಮುಂದೆ ರಾಜಮಾರ್ಗ.

‘ಉಗಿ ರೈಲು ಓಡಿಸ್ತೀಯಾ?’ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮೊದಲ ವರ್ಷ ಪೂರ್ತಿ ಒರೆಸಿದೆ. ಬೆಳಿಗ್ಗೆ ಐದೂವರೆಗೆ ಎಂಜಿನ್ ನಿಲ್ಲಿಸುವ ಪೆಂಡ್ರೆ ಶೆಡ್‌ಗೆ ಹೋದರೆ ಮೊದಲ ಕೆಲಸ ಟಾರ್ಚ್ ಹಿಡಿದು ಗೇಜ್ ಗ್ಲಾಸ್ ನೋಡುವುದು. ಬಾಯ್ಲರಿನಲ್ಲಿ ನೀರು ಎಷ್ಟಿದೆ ಅಂತ ಹೇಳುವುದು ಆ ಗಾಜಿನ ಕೊಳವೆ. ಅದನ್ನು ಖಾತ್ರಿ ಮಾಡಿಕೊಳ್ಳದೆ ಕಡ್ಡಿ ಗೀರುವ ಹಾಗೇ ಇಲ್ಲ. ಆಮೇಲೆ ನಿನ್ನೆಯ ಬೂದಿ. ಕೆಳಗಿನ ತಟ್ಟೆಯಿಂದ ಬಾಚಬೇಕು, ಜಾಲರಿಗೆ ಅಂಟಿದ ಕಿಟ್ಟ ಒಡೆಯಬೇಕು. ಎಂಜಿನ್ನಿನ ಮೂತಿ ಬಾಗಿಲು ತೆಗೆದು ಸ್ಮೋಕ್‌ಬಾಕ್ಸಿನಲ್ಲಿ ಕೂತ ಕರಿ ರವೆಯನ್ನು ಎತ್ತಿ ಹಾಕಬೇಕು. ಆಗ ಬಾಯಿ ತೆರೆದರೆ ಮಧ್ಯಾಹ್ನದ ಊಟದವರೆಗೂ ಹಲ್ಲಲ್ಲಿ ಕರಕರ.

ಆಮೇಲೆ ಸೌದೆ, ಎಣ್ಣೆ ಬಟ್ಟೆ, ಮೇಲೆ ಒಂದಿಷ್ಟು ಕಲ್ಲಿದ್ದಲು. ನಮ್ಮಜ್ಜಿ ಬಚ್ಚಲಲ್ಲಿ ಹಂಡೆ ಒಲೆ ಹಚ್ಚುತ್ತಿದ್ದಳಲ್ಲ, ಹೆಚ್ಚುಕಡಿಮೆ ಅದೇ. ಹಂಡೆ ನೀರು ಮುಕ್ಕಾಲು ಗಂಟೆಗೆ ಕಾಯುತ್ತದೆ, ಇದಕ್ಕೆ ಮೂರು ಗಂಟೆ ಬೇಕು. ಅವಸರ ಮಾಡಿದರೆ ತಗಡು ಒಂದೊಂದು ಕಡೆ ಒಂದೊಂದು ಥರ ಹಿಗ್ಗಿ, ಕೊಳವೆಗಳ ಬುಡದಲ್ಲಿ ಸೋರಲು ಶುರು. ಆ ಮೂರು ಗಂಟೆ ಸುಮ್ನೆ ಕೂರುವುದಿಲ್ಲ. ಹಿತ್ತಾಳೆ ಉಜ್ಜುತ್ತೇವೆ. ಚಕ್ರದ ಹಿಂದೆ ನುಗ್ಗಿ ಗ್ರೀಸ್ ಒರೆಸುತ್ತೇವೆ.

ಈಗ ಮೂರನೇ ವರ್ಷ. ಫೈರ್‌ಮನ್, ಅಂದರೆ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವ, ಆಗಲು ಕಲಿಯುತ್ತಿದ್ದೇನೆ. ಅಂದರೆ, ಪಕ್ಕದಲ್ಲಿ ಗೊತ್ತಿರುವವರು ನಿಂತಿದ್ದರೆ ಮಾತ್ರ ಸಲಿಕೆ ನನ್ನ ಕೈಗೆ. ಕೇಳಿ.

---

ಖರ್ಚು_ವೆಚ್ಚ · ಭಾನುವಾರ, ರಾತ್ರಿ 10:41

ಒಂದು ನಿಮಿಷ ಗುರು. ನೀನೇ ಟಿಕೆಟ್ ಕೊಂಡು ಹೋಗ್ತೀಯ, ನೀನೇ ಬೂಟು ಕೊಳ್ತೀಯ, ಸಂಘಕ್ಕೆ ಸದಸ್ಯತ್ವದ ದುಡ್ಡೂ ಕಟ್ತೀಯ, ಅವರ ಬೂದಿ ಬಾಚ್ತೀಯ. ಊರಲ್ಲಿ ನಿಮ್ಮಪ್ಪ ತೋಟದಲ್ಲಿ ಒಂದು ತೆಂಗಿನ ಗರಿ ಎತ್ತಿ ಹಾಕು ಅಂದರೆ ಎತ್ತಿದ್ದೆಯಾ?

---

ಸಲಿಕೆ_ಸೋಮ · ಭಾನುವಾರ, ರಾತ್ರಿ 10:44

ಇಲ್ಲ. ನಮ್ಮಪ್ಪನೂ ಇದೇ ಮಾತು ಕೇಳಿದರು.

---

ಗುಬ್ಬಚ್ಚಿ · ಭಾನುವಾರ, ರಾತ್ರಿ 11:20

ಅಣ್ಣಾ, ನಾನು ಲೀಡ್ಸ್‌ನಲ್ಲಿ ಎಂಎಸ್ಸಿ ಓದುತ್ತಿದ್ದೇನೆ, ಮೆಕ್ಯಾನಿಕಲ್. ಉಗಿ ಎಂಜಿನ್ ಬಗ್ಗೆ ಓದಿದ್ದೆಲ್ಲಾ ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗಿತ್ತು. ಹುಡುಗಿಯರನ್ನು ಶೆಡ್‌ಗೆ ಸೇರಿಸಿಕೊಳ್ಳುತ್ತಾರಾ? ವೀಸಾಕ್ಕೆ ತೊಂದರೆ ಇಲ್ವಾ?

---

ಗಿರ್ಮಿಟ್ · ಸೋಮವಾರ, ಬೆಳಿಗ್ಗೆ 7:05

ಸೋಮಣ್ಣ ಬೂದಿಯ ಕಥೆ ಹೇಳಿದರು, ರೈಲಿನ ಕಥೆ ಹೇಳಲಿಲ್ಲ. ನಾನು ಹುಬ್ಬಳ್ಳಿಯವ. ಆ ಕಡೆ ಹೋಗಿಲ್ಲ, ಆದರೆ ಈ ರೈಲಿನ ಇತಿಹಾಸ ನನಗೆ ಬಾಯಿಪಾಠ. ಬೇಜಾರಾದರೆ ದಾಟಿ ಮುಂದೆ ಹೋಗಿ.

ಟಾಲಿಲಿನ್ ಶುರುವಾದದ್ದು 1865ರಲ್ಲಿ. ಬೆಟ್ಟದಲ್ಲಿ ಸ್ಲೇಟ್ ಕಲ್ಲಿನ ಗಣಿ ಇತ್ತು. ಆ ಕಲ್ಲನ್ನು ಕೆಳಗೆ ತರಲು ಈ ಪುಟ್ಟ ರೈಲು. ಮೇಲೆ ಹಾಯುವ ಸೇತುವೆಗಳನ್ನು ಎಷ್ಟು ಇಕ್ಕಟ್ಟಾಗಿ ಕಟ್ಟಿದ್ದರು ಅಂದರೆ, ಬೋಗಿಗೂ ಸೇತುವೆಯ ಗೋಡೆಗೂ ನಡುವೆ ಒಬ್ಬ ಮನುಷ್ಯ ತೂರುವಷ್ಟು ಜಾಗ ಇರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಒಪ್ಪಲಿಲ್ಲ. ಸೇತುವೆ ಒಡೆದು ಕಟ್ಟಲು ದುಡ್ಡಿಲ್ಲ. ಏನು ಮಾಡಿದರು? ಹಳಿಯನ್ನೇ ಸೇತುವೆಯ ಕೆಳಗೆ ಒಂದು ಪಕ್ಕಕ್ಕೆ ಸರಿಸಿದರು, ಬೋಗಿಯ ಒಂದು ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಬಂದ್ ಮಾಡಿದರು. ಇವತ್ತಿಗೂ ಅಲ್ಲಿ ಹತ್ತುವುದು ಇಳಿಯುವುದು ಒಂದೇ ಪಕ್ಕ.

1911ರಲ್ಲಿ ಸರ್ ಹೆನ್ರಿ ಹೇಡನ್ ಜೋನ್ಸ್ ಅನ್ನುವವರು ಗಣಿ, ರೈಲು ಎರಡನ್ನೂ ಕೊಂಡರು. ಗಣಿ ಮುಚ್ಚಿತು. ರೈಲಿಂದ ಲಾಭ ಇಲ್ಲ. ಆದರೂ ತಾನು ಬದುಕಿರುವಷ್ಟು ದಿನ ರೈಲು ಓಡಿಸುತ್ತೇನೆ ಅಂತ ಮಾತು ಕೊಟ್ಟಿದ್ದರು, ಓಡಿಸಿದರು. 1948ರಲ್ಲಿ ಬ್ರಿಟನ್ನಿನ ರೈಲುಗಳನ್ನು ಸರ್ಕಾರ ವಹಿಸಿಕೊಂಡಾಗ ಆ ಪಟ್ಟಿಯಲ್ಲಿ ಈ ರೈಲಿನ ಹೆಸರೇ ಇರಲಿಲ್ಲ. ಹಾಗಾಗಿ 1950ರಲ್ಲಿ ಅವರು ತೀರಿಕೊಂಡಾಗ ಕೇಳುವವರಿಲ್ಲ.

ಆಗ ಟಾಮ್ ರೋಲ್ಟ್ ಅನ್ನುವ ಬರಹಗಾರ ಮತ್ತು ಕೆಲವು ಗೆಳೆಯರು 1950ರ ಅಕ್ಟೋಬರ್ 11ಕ್ಕೆ ಒಂದು ಹೋಟೆಲಿನಲ್ಲಿ ಸಭೆ ಕರೆದರು. ಸೋಮಣ್ಣ ಇರುವ ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ! 1951ರ ಮೇ 14ಕ್ಕೆ, ಆ ಸಭೆಯಿಂದ ಹುಟ್ಟಿದ ಸಂಘದ ಮೊದಲ ರೈಲು ಹೊರಟಿತು. ಸ್ವಯಂಸೇವಕರೇ ಉಳಿಸಿ ಓಡಿಸಿದ ರೈಲು ಜಗತ್ತಿನಲ್ಲಿ ಅದೇ ಮೊದಲನೆಯದು.

ಓಡುವ ಸ್ಥಿತಿಯಲ್ಲಿ ಇದ್ದದ್ದು ಡೋಲ್ಗೋಖ್ ಅನ್ನುವ ಒಂದೇ ಎಂಜಿನ್, 1866ರದ್ದು. ಹತ್ತಿರದಲ್ಲೇ ಅದೇ ಅಳತೆಯ ಇನ್ನೊಂದು ರೈಲು ಮುಚ್ಚಿಹೋಗಿತ್ತು, ಕೋರಿಸ್ ಅಂತ. ಅವರ ಎರಡು ಎಂಜಿನ್‌ಗಳನ್ನು ತಲಾ 25 ಪೌಂಡ್‌ಗೆ ಕೊಂಡು ತಂದರು. ಒಂದನ್ನು ಓಡಿಸಿದರೆ ಹಳಿ ತಪ್ಪುತ್ತದೆ, ಎತ್ತಿ ಇಟ್ಟರೆ ಮತ್ತೆ ತಪ್ಪುತ್ತದೆ. ಅಳೆದು ನೋಡಿದರೆ ಹಳಿಗಳ ಅಂತರವೇ ಅರ್ಧ ಇಂಚು ಜಾಸ್ತಿ! ಹಳೇ ಕಂಪನಿಯವರು ತಮ್ಮ ಮೊದಲ ಎಂಜಿನ್ನಿನ ಮುಂದಿನ ಹಿಂದಿನ ಚಕ್ರಗಳು ದೂರ ದೂರ ಇದ್ದದ್ದರಿಂದ ತಿರುವಿನಲ್ಲಿ ಸಲೀಸಾಗಲಿ ಅಂತ ಬೇಕಂತಲೇ ಹಾಗೆ ಹಾಕಿದ್ದರು. ಹೊಸದಾಗಿ ಬಂದ ಎಂಜಿನ್ನಿನ ಚಕ್ರದ ಅಗಲ ಕಮ್ಮಿ, ಹಳಿಗಳ ನಡುವೆ ಒಳಗೆ ಜಾರಿಬಿಡುತ್ತಿತ್ತು.

---

ಸಲಿಕೆ_ಸೋಮ · ಸೋಮವಾರ, ಬೆಳಿಗ್ಗೆ 8:30

ಗಿರ್ಮಿಟ್ ಸಾರ್, ಅಲ್ಲಿಗೆ ಹೋಗದೆ ಇಷ್ಟು ಗೊತ್ತಾ? ಮುಂದಿನ ಸಲ ಯಾರಾದರೂ ಪ್ರಯಾಣಿಕರು ಪ್ರಶ್ನೆ ಕೇಳಿದರೆ ನಿಮಗೇ ಫೋನ್ ಕೊಡುತ್ತೇನೆ.

@ಗುಬ್ಬಚ್ಚಿ, ಖಂಡಿತ ಸೇರಿಸಿಕೊಳ್ಳುತ್ತಾರೆ ತಂಗಿ. ನನಗೆ ಎಣ್ಣೆ ಹಾಕುವುದನ್ನು ಕಲಿಸಿದ್ದೇ ಒಬ್ಬ ಹುಡುಗಿ, ವಯಸ್ಸು ಇಪ್ಪತ್ತೆರಡು. ನನ್ನಷ್ಟಕ್ಕೆ ಬಿಟ್ಟಿದ್ದರೆ ಒಂದು ಎಣ್ಣೆ ಕಿಂಡಿ ಮರೆಯುತ್ತಿದ್ದೆ. ಅವಳು ಎಣಿಸಿಕೊಂಡು ಹಾಕಲು ಹೇಳಿಕೊಟ್ಟಳು. ಇಷ್ಟು ಕಿಂಡಿ ಅಂತ ಲೆಕ್ಕ ಇದ್ದರೆ ಮರೆವು ಇಲ್ಲ.

ವೀಸಾ ವಿಚಾರ: ನನ್ನದು ಸ್ಕಿಲ್ಡ್ ವರ್ಕರ್, ಅದರಲ್ಲಿ ಇಂಥ ಸೇವೆ ಮಾಡಬಹುದು. ವಿದ್ಯಾರ್ಥಿಗಳಿಗೆ ವಾರದ ಗಂಟೆಗಳ ಮಿತಿ ಇದೆಯಲ್ಲ, ಯಾವ ಥರದ ಸೇವೆ ಆ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ವ್ಯತ್ಯಾಸ ಇದೆ. ವಿಶ್ವವಿದ್ಯಾಲಯದ ವೀಸಾ ವಿಭಾಗದಲ್ಲಿ ಒಂದು ಮಾತು ಬರಹದಲ್ಲೇ ಕೇಳಿ ಇಟ್ಟುಕೋ.

ಲೀಡ್ಸ್‌ನಿಂದ ನಮ್ಮಲ್ಲಿಗೆ ಬರುವುದು ಕಷ್ಟ. ನಿನ್ನ ಊರಲ್ಲೇ ಮಿಡಲ್‌ಟನ್ ರೈಲ್ವೆ ಇದೆ, ಪಕ್ಕದ ಕೀತ್ಲಿಯಲ್ಲಿ ವರ್ತ್ ವ್ಯಾಲಿ ರೈಲು ಇದೆ. ಎರಡೂ ಸ್ವಯಂಸೇವಕರದ್ದೇ. ಉಕ್ಕಿನ ಮೂತಿಯ ಬೂಟು ಕೊಂಡುಕೋ, ಹತ್ತಿಯ ಓವರ್‌ಆಲ್ ಕೊಂಡುಕೋ. ನೈಲಾನ್ ಬೇಡವೇ ಬೇಡ. ಕಿಡಿ ಬಿದ್ದರೆ ಹತ್ತಿ ಸುಡುತ್ತದೆ, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ.

---

ಖರ್ಚು_ವೆಚ್ಚ · ಸೋಮವಾರ, ಬೆಳಿಗ್ಗೆ 9:10

ಸರಿ, ಕಥೆ ಚೆನ್ನಾಗಿದೆ. ಆದರೆ ಪ್ರಶ್ನೆ ಹಾಗೇ ಇದೆ. ಟಿಕೆಟ್ ಮಾರುತ್ತಾರೆ ತಾನೇ? ಆ ದುಡ್ಡಲ್ಲಿ ಸಂಬಳ ಕೊಡಲಿ.

---

ಕಾಫಿ_ಕಪ್ · ಸೋಮವಾರ, ಮಧ್ಯಾಹ್ನ 1:35

ನಾನು ದಕ್ಷಿಣ ಇಂಗ್ಲೆಂಡಿನಲ್ಲಿ ಒಂದು ಇಂಥದ್ದೇ ರೈಲಿನಲ್ಲಿ ಎರಡು ವರ್ಷ ಇದ್ದೆ. ಹೆಸರು ಹೇಳುವುದಿಲ್ಲ. ಇಲ್ಲಿ ಎಲ್ಲಾ ಸಿಹಿಸಿಹಿಯಾಗಿ ಬರುತ್ತಿದೆ, ಸ್ವಲ್ಪ ಖಾರವೂ ಇರಲಿ.

ನಾನು ಅರ್ಜಿಯಲ್ಲಿ ಬರೆದದ್ದು ಸಿಗ್ನಲ್ ಕೆಲಸ ಅಂತ. ಮೊದಲ ದಿನ ‘ಸದ್ಯಕ್ಕೆ ಟೀ ಅಂಗಡಿಯಲ್ಲಿ ಜನ ಕಮ್ಮಿ’ ಅಂದರು. ಆ ಸದ್ಯಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ನಾನಾದ ಮೇಲೆ ಸೇರಿದ ಇಬ್ಬರು ಹುಡುಗರು ನೇರವಾಗಿ ಸಿಗ್ನಲ್ ಪೆಟ್ಟಿಗೆಗೆ, ಅಂದರೆ ಲಿವರ್ ಎಳೆದು ಸಿಗ್ನಲ್ ಹಾಕುವ ಕೋಣೆಗೆ, ಹೋದರು. ಕೇಳಿದರೆ, ‘ನಿನ್ನ ಕೈಯ ಕೇಕ್ ಎಲ್ಲರಿಗೂ ಇಷ್ಟ’ ಅಂತ ಹೊಗಳಿಕೆ. ಕೇಕ್ ನಾನು ಮಾಡುತ್ತಿರಲಿಲ್ಲ! ಪ್ಯಾಕೆಟ್ ಒಡೆದು ತಟ್ಟೆಗೆ ಹಾಕುತ್ತಿದ್ದೆ.

ಒಂದು ದಿನ ಪಟ್ಟು ಹಿಡಿದೆ. ನಿಯಮದ ಪುಸ್ತಕ ಓದಿಕೊಂಡು ಹೋಗಿ ಪರೀಕ್ಷೆ ಕೊಡಿ ಅಂದೆ, ಕೊಟ್ಟರು, ಪಾಸಾದೆ. ಆಮೇಲಿನ ಹತ್ತು ತಿಂಗಳು ನನ್ನ ಜೀವನದ ಒಳ್ಳೇ ದಿನಗಳು, ಸುಳ್ಳು ಹೇಳುವುದಿಲ್ಲ. ಲಿವರ್ ಎಳೆಯುವುದು ಕೈಯ ಬಲದಿಂದ ಅಲ್ಲ. ಒಂದು ಕಾಲು ಚೌಕಟ್ಟಿಗೆ ಒತ್ತಿ, ಮೈಭಾರ ಹಿಂದಕ್ಕೆ ಹಾಕಿದರೆ ನೂರಾರು ಗಜ ದೂರದ ಸಿಗ್ನಲ್ ತಂತಿಯೂ ಬರುತ್ತದೆ. ಲಿವರಿನ ಹಿಡಿಗೆ ಬರಿಗೈ ತಾಗಿಸಬಾರದು, ಬೆವರಿಗೆ ತುಕ್ಕು ಹಿಡಿಯುತ್ತದೆ ಅಂತ ಒಂದು ಬಟ್ಟೆ ಹಿಡಿದೇ ಎಳೆಯಬೇಕು. ಬಟ್ಟೆ ಮರೆತ ದಿನ ಬೈಗುಳ.

@ಖರ್ಚು_ವೆಚ್ಚ ಅವರೇ, ಟಿಕೆಟ್ ದುಡ್ಡು ಕಲ್ಲಿದ್ದಲಿಗೆ, ರಿಪೇರಿಗೆ ಹೋಗಿಬಿಡುತ್ತದೆ. ಪ್ರತಿ ಬಾಯ್ಲರನ್ನೂ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಬೇಕು. ದೊಡ್ಡ ಎಂಜಿನ್ನಾದರೆ ಅದಕ್ಕೇ ಲಕ್ಷಗಟ್ಟಲೆ ಪೌಂಡ್. ಬ್ರಿಟನ್ನಿನ ಈ ರೈಲುಗಳಲ್ಲಿ ಒಟ್ಟು 20,000ಕ್ಕೂ ಜಾಸ್ತಿ ಸ್ವಯಂಸೇವಕರಿದ್ದಾರೆ. ಎಲ್ಲರಿಗೂ ಸಂಬಳ ಅಂದರೆ ಮಾರನೇ ದಿನವೇ ಬೀಗ.

---

ಸಲಿಕೆ_ಸೋಮ · ಸೋಮವಾರ, ಮಧ್ಯಾಹ್ನ 2:02

ಕಾಫಿ ಮೇಡಂ, ನೀವು ಹೇಳಿದ್ದು ನಿಜ. ಇಂಥದ್ದನ್ನು ನಾನೂ ಬೇರೆ ಕಡೆಯವರಿಂದ ಕೇಳಿದ್ದೇನೆ. ಸೇರುವ ಮೊದಲೇ ‘ಯಾವ ವಿಭಾಗ, ಎಷ್ಟು ತಿಂಗಳಿಗೆ ಪರೀಕ್ಷೆ’ ಅಂತ ಬಾಯಿಬಿಟ್ಟು ಕೇಳಬೇಕು. ನಮ್ಮವರಿಗೆ ಅದೇ ಸಂಕೋಚ.

---

ಗಿರ್ಮಿಟ್ · ಸೋಮವಾರ, ಸಂಜೆ 6:20

ಕಲ್ಲಿದ್ದಲು ಅಂದಿದ್ದಕ್ಕೆ ಒಂದು ಮಾತು. ಮರ್ಥರ್ ಟಿಡ್ವಿಲ್ ಊರಿನ ಫೋಸ್-ಅ-ವ್ರಾನ್ ಗಣಿ 2023ರ ಕೊನೆಗೆ ಮುಚ್ಚಿದ ಮೇಲೆ, ಉಗಿ ಎಂಜಿನ್ನಿಗೆ ಹೇಳಿ ಮಾಡಿಸಿದಂತಿದ್ದ ವೇಲ್ಸ್ ಕಲ್ಲಿದ್ದಲು ಸಿಗುವುದು ನಿಂತಿತು. ಕಲ್ಲಿದ್ದಲ ನಾಡಿನ ರೈಲುಗಳೇ ಈಗ ಹಡಗಿನಲ್ಲಿ ಬಂದದ್ದನ್ನು ಉರಿಸುತ್ತಿವೆ.

ಇನ್ನೊಂದು. ‘ಇಷ್ಟೊಂದು ಎಂಜಿನ್ ಅವರ ಹತ್ತಿರ ಹೇಗೆ ಉಳಿದವು’ ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ರಿಟಿಷ್ ರೈಲ್ವೆ 1968ರ ಆಗಸ್ಟ್‌ನಲ್ಲಿ ಮುಖ್ಯ ಮಾರ್ಗಗಳಲ್ಲಿ ಉಗಿ ನಿಲ್ಲಿಸಿತು. ಎಂಜಿನ್‌ಗಳೆಲ್ಲಾ ಗುಜರಿಗೆ. ವೇಲ್ಸ್‌ನ ಬ್ಯಾರಿ ಊರಲ್ಲಿ ಡೈ ವುಡಮ್ ಅನ್ನುವವರ ಗುಜರಿ ಅಂಗಳ. ಅಲ್ಲಿಗೆ 297 ಎಂಜಿನ್ ಹೋದವು. ಆ ಮನುಷ್ಯನಿಗೆ ಗೂಡ್ಸ್ ಡಬ್ಬಿ ಒಡೆಯುವುದು ಸಲೀಸು, ಕೈತುಂಬಾ ಕೆಲಸ. ಎಂಜಿನ್ ಆಮೇಲೆ ನೋಡೋಣ ಅಂತ ಸಮುದ್ರದ ಗಾಳಿಗೆ ನಿಲ್ಲಿಸಿಟ್ಟರು. ಆ ‘ಆಮೇಲೆ’ ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಜನ ಚಂದಾ ಎತ್ತಿ ಒಂದೊಂದೇ ಬಿಡಿಸಿಕೊಂಡು ಹೋದರು, ಒಟ್ಟು 213.

ನಮ್ಮಲ್ಲಿ? ವೈಪಿ ಅಂತ ಮೀಟರ್ ಗೇಜಿನ ಚೆಂದದ ಎಂಜಿನ್, 871 ಕಟ್ಟಿದ್ದರು. ನಮ್ಮ ಕಡೆ ಪ್ಯಾಸೆಂಜರ್ ಎಲ್ಲಾ ಅದೇ ಎಳೆಯುತ್ತಿತ್ತು. ಈಗ ಕಂಬಿ ಬೇಲಿಯೊಳಗೆ ನಿಂತದ್ದನ್ನು ಎಣಿಸಿಕೊಳ್ಳಬೇಕು. 1979ರಲ್ಲೇ ಮೈಸೂರಿನಲ್ಲಿ ರೈಲು ಮ್ಯೂಸಿಯಂ ಮಾಡಿದರು, ಒಳ್ಳೇದು. 2020ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೂ ಆಯಿತು. ಆದರೆ ಅವೆಲ್ಲಾ ಬಣ್ಣ ಹೊಡೆದು ನಿಲ್ಲಿಸಿದವು. ಉಗಿ ನೋಡಬೇಕಾದರೆ ಮೆಟ್ಟುಪಾಳ್ಯಕ್ಕೆ ಹೋಗಿ ಊಟಿ ರೈಲು ಹತ್ತಬೇಕು. ಅದನ್ನು ಇಲಾಖೆಯವರೇ ಓಡಿಸುತ್ತಾರೆ. ನಾನು ಹೋಗಿ ‘ಒಂದು ಭಾನುವಾರ ಬಂದು ಒರೆಸಿಕೊಡ್ತೀನ್ರೀ’ ಅಂದರೆ ರೈಲ್ವೆ ಕಾವಲಿನ ಆರ್‌ಪಿಎಫ್ ಅವರು ಚಹಾ ಕುಡಿಸಿ ಕಳಿಸುತ್ತಾರೆ.

---

ಅರಸೀಕೆರೆ_ಜಂಕ್ಷನ್ · ಸೋಮವಾರ, ರಾತ್ರಿ 9:48

ನಿನ್ನೆ ರಾತ್ರಿಯಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಇದ್ದೆ.

ನಮ್ಮ ತಂದೆ ಅರಸೀಕೆರೆ ಶೆಡ್‌ನಲ್ಲಿದ್ದರು. ಖಲಾಸಿಯಾಗಿ ಸೇರಿ, ಎರಡನೇ ಫೈರ್‌ಮನ್ ಆಗಿ, ಮೊದಲ ಫೈರ್‌ಮನ್ ಆಗಿ, ಕೊನೆಗೆ ಡ್ರೈವರ್. ಈಗ 84. ಮೈಸೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಗಿರ್ಮಿಟ್ ಅವರು ಚೆಂದದ ಎಂಜಿನ್ ಅಂದ ವೈಪಿಗೆ ಸಲಿಕೆ ಹಾಕಿದವರು ಅವರು.

ಕೆಲಸದಿಂದ ಬಂದ ದಿನ ಅಮ್ಮ ಅವರ ಬಟ್ಟೆ ಬೇರೆ ನೆನೆಸುತ್ತಿದ್ದಳು. ಮೂರನೇ ನೀರೂ ಕಪ್ಪಗೇ ಬರುತ್ತಿತ್ತು. ಬಲಗೈ ಮೊಣಕೈ ಕೆಳಗೆ ಒಂದು ಗೇಣು ಉದ್ದ ಸುಟ್ಟ ಕಲೆ ಇದೆ. ಬೇಸಿಗೆಯಲ್ಲಿ ಎಂಜಿನ್ ಮೇಲೆ ನಿಂತರೆ ಮುಂದೆ ಬೆಂಕಿ, ಮೇಲೆ ಬಿಸಿಲು. ರಾತ್ರಿ ಎರಡು ಗಂಟೆಗೆ ಕಾಲ್‌ಬಾಯ್ ಬಂದು ಬಾಗಿಲು ಬಡಿದರೆ ಎದ್ದು ಹೋಗಬೇಕು, ಹಬ್ಬವಿರಲಿ, ಜ್ವರವಿರಲಿ. ಡೀಸಲ್ ಟ್ರೇನಿಂಗ್‌ಗೆ ಹೆಸರು ಬಂದ ದಿನ ಅಪ್ಪ ಮಾಲೆಕಲ್ಲು ತಿರುಪತಿಗೆ ಹೋಗಿ ಕಾಯಿ ಒಡೆಸಿ ಬಂದರು.

ನೀವು ಅದನ್ನೇ ಬಿಡುವಿನ ದಿನ ದುಡ್ಡು ಕೊಟ್ಟು ಮಾಡುತ್ತೀರಿ ಅಂದಾಗ, ಕೋಪ ಅಂತ ಅಲ್ಲ, ಆದರೆ ಏನೋ ಒಂಥರಾ ಆಯಿತು. ಅಷ್ಟೇ.

---

ಖರ್ಚು_ವೆಚ್ಚ · ಸೋಮವಾರ, ರಾತ್ರಿ 10:01

ಇದನ್ನೇ ನಾನು ಹೇಳಲು ಹೊರಟಿದ್ದು, ಅಕ್ಕ. ಇಷ್ಟು ಚೆನ್ನಾಗಿ ಹೇಳಲು ಬರಲಿಲ್ಲ.

---

ಸಲಿಕೆ_ಸೋಮ · ಸೋಮವಾರ, ರಾತ್ರಿ 11:30

ಅಕ್ಕ, ಬರೆದದ್ದು ಒಳ್ಳೇದಾಯಿತು.

ನಿಮ್ಮ ತಂದೆಯವರ ಕೆಲಸಕ್ಕೂ ನನ್ನದಕ್ಕೂ ಹೋಲಿಕೆ ಮಾಡುವ ಧೈರ್ಯ ನನಗಿಲ್ಲ. ನನಗೆ ಜ್ವರ ಬಂದರೆ ಒಂದು ಸಂದೇಶ ಕಳಿಸಿ ಮಲಗುತ್ತೇನೆ. ನನ್ನ ರೈಲು ಗಂಟೆಗೆ ಎಷ್ಟು ನಿಧಾನ ಹೋಗುತ್ತದೆ ಅಂದರೆ ಕುರಿ ಅಡ್ಡ ಬಂದರೆ ನಿಲ್ಲಿಸಿ, ಇಳಿದು, ಓಡಿಸಿ ಮತ್ತೆ ಹತ್ತುತ್ತೇವೆ. ಒಂದು ದಿನಕ್ಕೆ ನಾನು ಹಾಕುವ ಕಲ್ಲಿದ್ದಲು ನಿಮ್ಮ ತಂದೆಯವರು ಅರಸೀಕೆರೆಯಿಂದ ಬೀರೂರು ಮುಟ್ಟುವುದರೊಳಗೆ ಹಾಕಿರುತ್ತಾರೆ.

ಯಾಕೆ ಹೋಗುತ್ತೀಯ ಅಂತ ಎಲ್ಲರೂ ಕೇಳಿದಿರಿ, ನಾನು ತಮಾಷೆಯಲ್ಲಿ ಜಾರಿಕೊಂಡೆ. ನಿಜ ಹೇಳಬೇಕು ಅಂದರೆ, ನನ್ನ ಆಫೀಸಿನಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗಲು ಮೂರು ತಿಂಗಳು, ನಾಲ್ಕು ಮೀಟಿಂಗ್ ಬೇಕು. ಇಲ್ಲಿ ಎರಡು ಸಲಿಕೆ ತಪ್ಪಾಗಿ ಹಾಕಿದರೆ ಐದು ನಿಮಿಷದಲ್ಲಿ ಉಗಿಯ ಒತ್ತಡ ತೋರಿಸುವ ಮುಳ್ಳು ಕೆಳಗೆ ಬರುತ್ತದೆ. ಹೋದ ತಿಂಗಳು ಉಲ್ಟಾ ಆಯಿತು. ಡೋಲ್ಗೋಖ್ ಜಲಪಾತದ ಹತ್ತಿರ ನೀರು ತುಂಬಲು ನಿಲ್ಲಿಸುತ್ತೇವೆ. ಅಲ್ಲಿ ನಿಲ್ಲುವುದಿದೆ ಅಂತ ಗೊತ್ತಿದ್ದೂ ನಾನು ಮೊದಲೇ ಬೆಂಕಿ ಗಡದ್ದಾಗಿ ಮಾಡಿಟ್ಟಿದ್ದೆ. ನಿಂತ ಕೂಡಲೇ ಸೇಫ್ಟಿ ವಾಲ್ವ್ ಬಿಚ್ಚಿಕೊಂಡು ಕಿವಿ ಕಿತ್ತುಹೋಗುವ ಹಾಗೆ ಉಗಿ. ಪ್ರಯಾಣಿಕರು ಖುಷಿಯಿಂದ ಫೋಟೋ ಹೊಡೆದರು. ಡ್ರೈವರ್ ಮಾತ್ರ ತಲೆ ಎತ್ತಿ ಆಕಾಶ ನೋಡಿ, ‘ಅಷ್ಟೂ ಕಲ್ಲಿದ್ದಲು ಮೋಡಕ್ಕೆ ಕೊಟ್ಟೆ’ ಅಂದರು.

ನಿಮ್ಮ ತಂದೆಗೆ ಬೇಸರವಾಗುವುದಿಲ್ಲ ಅಂದರೆ ಒಂದು ಪ್ರಶ್ನೆ ಕೇಳುತ್ತೀರಾ? ಬೆಂಕಿ ಎಲ್ಲಿ ತೆಳುವಾಗಿದೆ ಅಂತ ನನಗೆ ಕಾಣುವುದೇ ಇಲ್ಲ. ಬಾಗಿಲು ತೆಗೆದರೆ ಎಲ್ಲಾ ಒಂದೇ ಬಿಳಿ, ಕಣ್ಣು ಕುಕ್ಕುತ್ತದೆ.

---

ಅರಸೀಕೆರೆ_ಜಂಕ್ಷನ್ · ಮಂಗಳವಾರ, ಬೆಳಿಗ್ಗೆ 10:12

ತಿಂಡಿ ಹೊತ್ತಲ್ಲಿ ಕೇಳಿದೆ. ‘ಯಾರು, ನಮ್ಮವನಾ? ಇಂಗ್ಲೆಂಡಲ್ಲಿ ಫೈರ್‌ಮನ್ನಾ? ಪಾಪ, ಬೇರೆ ಕೆಲಸ ಸಿಗಲಿಲ್ವಾ?’ ಅಂದರು. ನಾನು ವಿವರಿಸಿದೆ. ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ.

ಆದರೆ ಪ್ರಶ್ನೆ ಕೇಳಿದ ಕೂಡಲೇ ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿದರು. ಮಗಳ ಪರೀಕ್ಷೆಯ ರಟ್ಟು ಎತ್ತಿಕೊಂಡು ತೋರಿಸಿದರು. ಸಲಿಕೆಯನ್ನು ಬೋರಲು ಮಾಡಿ ಬಾಗಿಲೊಳಗೆ ಸ್ವಲ್ಪ ಚಾಚಬೇಕಂತೆ. ಬಾಗಿಲಿಂದ ನುಗ್ಗುವ ಗಾಳಿ ಸಲಿಕೆಗೆ ಬಡಿದು ಕೆಳಗೆ ಹೋಗಿ ಜ್ವಾಲೆ ಸರಿಯುತ್ತದಂತೆ. ಸಲಿಕೆ ಆ ಕಡೆ ಈ ಕಡೆ ತಿರುಗಿಸಿದರೆ ಒಂದೊಂದೇ ಜಾಗ ಕಾಣುತ್ತದಂತೆ. ಕಪ್ಪಗಿದ್ದರೆ ಕಲ್ಲಿದ್ದಲು ಹತ್ತಿಲ್ಲ, ಬೆಳ್ಳಗೆ ಕುಣಿಯುತ್ತಿದ್ದರೆ ಅಲ್ಲಿ ತೂತು.

ಆಮೇಲೆ ಹೇಳಿದರು: ‘ಪದೇ ಪದೇ ಬಾಗಿಲು ತೆಗೆದು ಇಣುಕಬೇಡ ಅನ್ನು. ಚಿಮಣಿ ನೋಡಲಿ. ಹೊಗೆ ತೆಳ್ಳಗೆ ಬೂದುಬಣ್ಣ ಇದ್ದರೆ ಸರಿ. ಕಪ್ಪಾದರೆ ಜಾಸ್ತಿ ಹಾಕಿದ್ದಾನೆ. ಏನೂ ಕಾಣದಿದ್ದರೆ ಹಾಕುವ ಹೊತ್ತಾಯಿತು. ಹಿಂದಿನ ಮೂಲೆ ಎರಡೂ ಮೊದಲು ತುಂಬಿಸಲಿ.’

ಅಪ್ಪ ಇಷ್ಟು ಹೊತ್ತು ಒಂದೇ ಸಮ ಮಾತಾಡಿ ಎಷ್ಟೋ ದಿನವಾಗಿತ್ತು. ಇಡ್ಲಿ ತಣ್ಣಗಾಯಿತು.

---

ಗುಬ್ಬಚ್ಚಿ · ಮಂಗಳವಾರ, ಬೆಳಿಗ್ಗೆ 10:40

ನಮ್ಮ ಪಠ್ಯದಲ್ಲಿ ಇದು ಇರಲಿಲ್ಲ!! ಮಿಡಲ್‌ಟನ್‌ಗೆ ಅರ್ಜಿ ಹಾಕಿದೆ.

---

ಕಾಫಿ_ಕಪ್ · ಮಂಗಳವಾರ, ಬೆಳಿಗ್ಗೆ 11:15

ಅಕ್ಕ, ನಿಮ್ಮ ತಂದೆಯವರಿಗೆ ಗೋಲಾ ಬಳೆಯ ನೆನಪು ಇದೆಯಾ ಕೇಳಿ. ನಾನು ಚಿಕ್ಕವಳಿದ್ದಾಗ ಸ್ಟೇಷನ್ನಿನಲ್ಲಿ ನೋಡುತ್ತಿದ್ದೆ. ಬೆತ್ತದ ದೊಡ್ಡ ಬಳೆ, ಅದಕ್ಕೆ ಚರ್ಮದ ಚೀಲ, ಒಳಗೆ ಲೋಹದ ಗುಂಡು. ಒಂದೇ ಹಳಿಯ ಮಾರ್ಗದಲ್ಲಿ ಆ ಗುಂಡು ಕೈಯಲ್ಲಿದ್ದರೆ ಮಾತ್ರ ರೈಲು ಮುಂದೆ ಹೋಗಬಹುದು. ಹೋಗುವ ರೈಲಿನಿಂದ ಒಂದು ಬಳೆ ಎಸೆದು, ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ನನ್ನ ಸಿಗ್ನಲ್ ಪೆಟ್ಟಿಗೆಯಲ್ಲೂ ಅದೇ ಪದ್ಧತಿ, ಗುಂಡಿನ ಬದಲು ಉದ್ದದ ಲೋಹದ ಕೋಲು. ಮೊದಲ ಸಲ ಕೈಗೆ ಬಂದಾಗ ನನಗೆ ಅಳುವೇ ಬಂತು. ಪಕ್ಕದಲ್ಲಿದ್ದ ಮುದುಕರು ಗಾಬರಿಯಾಗಿ ಟೀ ಮಾಡಿ ಕೊಟ್ಟರು. ಆ ರೈಲಿನಲ್ಲಿ ನನಗೆ ಯಾರೋ ಟೀ ಮಾಡಿಕೊಟ್ಟದ್ದು ಅದೇ ಮೊದಲು.

---

ಅರಸೀಕೆರೆ_ಜಂಕ್ಷನ್ · ಮಂಗಳವಾರ, ಮಧ್ಯಾಹ್ನ 12:30

ನೆನಪಿದೆಯಂತೆ. ‘ಒಂದು ಸಲ ಮೂಗಿಗೆ ಬಡಿದಿತ್ತು’ ಅಂದರು.

---

ಖರ್ಚು_ವೆಚ್ಚ · ಮಂಗಳವಾರ, ಸಂಜೆ 7:00

ಸೋಮ, ಒಂದೇ ಕೊನೆಯ ಪ್ರಶ್ನೆ. ಸಲಿಕೆ ಮೇಲೆ ಮೊಟ್ಟೆ ಬೇಯಿಸಿ ತಿನ್ನುತ್ತಾರಂತೆ, ನಿಜವಾ?

---

ಸಲಿಕೆ_ಸೋಮ · ಮಂಗಳವಾರ, ಸಂಜೆ 7:25

ನಿಜ. ಸಲಿಕೆಯನ್ನು ಬಿಸಿನೀರಲ್ಲಿ ತೊಳೆದು, ಬೆಂಕಿ ಬಾಯಲ್ಲಿ ಕಾಯಿಸಿ, ಮೊಟ್ಟೆ ಮತ್ತು ಹಂದಿ ಮಾಂಸ. ನಾನು ಎರಡೂ ತಿನ್ನುವುದಿಲ್ಲ. ಮೊದಮೊದಲು ಟೊಮೇಟೊ, ಬ್ರೆಡ್ ಸುಟ್ಟುಕೊಂಡೆ. ಒಂದು ಸಲ ಮನೆಯಿಂದ ಅಕ್ಕಿರೊಟ್ಟಿ ಹಿಟ್ಟು ಕಲಸಿಕೊಂಡು ಹೋದೆ. ಈರುಳ್ಳಿ, ಸಬ್ಬಸಿಗೆ ಎಲ್ಲಾ ಹಾಕಿ. ತಣ್ಣಗಿನ ಸಲಿಕೆ ಮೇಲೆ ಎಣ್ಣೆ ಸವರಿ ತಟ್ಟಿ, ಆಮೇಲೆ ಬೆಂಕಿ ಬಾಯಿಗೆ ಹಿಡಿದೆ. ಅಂಚು ಇಪ್ಪತ್ತು ಸೆಕೆಂಡಿಗೆ ಇದ್ದಿಲು, ನಡುವೆ ಹಸಿ. ಎರಡನೆಯದನ್ನು ಬಾಗಿಲಿಂದ ದೂರ ಹಿಡಿದೆ, ಚೆನ್ನಾಗಿ ಬಂತು. ಡ್ರೈವರ್ ಅರ್ಧ ಮುರಿದು ತಿಂದು ‘ಇದಕ್ಕೆ ಬೇಕನ್ ಹಾಕಿದ್ದರೆ’ ಅಂದರು.

ಶನಿವಾರ ಪಾಳಿ ಇದೆ. ಅಕ್ಕ, ನಿಮ್ಮ ತಂದೆಯವರಿಗೆ ಎಂಜಿನ್ ಸದ್ದು ರೆಕಾರ್ಡ್ ಮಾಡಿ ಕಳಿಸಲಾ?

---

ಅರಸೀಕೆರೆ_ಜಂಕ್ಷನ್ · ಮಂಗಳವಾರ, ರಾತ್ರಿ 8:10

ಕಳಿಸಿ.

---

ಸಲಿಕೆ_ಸೋಮ · ಶನಿವಾರ, ರಾತ್ರಿ 9:05

ಸಲಿಕೆ ಬೋರಲು ಹಾಕಿ ನೋಡಿದೆ. ಎಡಗಡೆ ಹಿಂದಿನ ಮೂಲೆಯಲ್ಲಿ ಅಂಗೈ ಅಗಲದ ತೂತು. ಇಷ್ಟು ದಿನ ಅದೇ ನನ್ನ ಮುಳ್ಳನ್ನು ಕೆಳಗೆ ಎಳೆಯುತ್ತಿತ್ತು. ಇವತ್ತು ಹೋಗಿಬರುವವರೆಗೂ ಮುಳ್ಳು ಅಲ್ಲಾಡಲಿಲ್ಲ.

ನಾಲ್ಕು ನಿಮಿಷದ ಧ್ವನಿ ಕಳಿಸಿದ್ದೇನೆ. ಸ್ಟೇಷನ್ನಿನಿಂದ ಹೊರಡುವುದು, ಏರು, ಆಮೇಲೆ ನಾನು ಇಂಜೆಕ್ಟರ್ ತೆರೆದು ಬಾಯ್ಲರಿಗೆ ನೀರು ಬಿಡುವುದು.

---

ಅರಸೀಕೆರೆ_ಜಂಕ್ಷನ್ · ಭಾನುವಾರ, ಬೆಳಿಗ್ಗೆ 9:20

ಅಪ್ಪನಿಗೆ ಕಿವಿ ಮಂದ. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೇಳಿದರು. ಹೊರಡುವ ಸದ್ದಿಗೆ ಏನೂ ಅನ್ನಲಿಲ್ಲ. ಏರಿಗೆ ಕೈಬೆರಳು ತೊಡೆ ಮೇಲೆ ತಾಳ ಹಾಕುತ್ತಿತ್ತು.

ಮೂರನೇ ನಿಮಿಷಕ್ಕೆ ಕಣ್ಣು ಬಿಟ್ಟರು. ‘ಇಂಜೆಕ್ಟರ್ ಹಿಡಿದಿಲ್ಲ. ನೀರು ಕೆಳಗೆ ಚೆಲ್ಲುತ್ತಾ ಇದೆ. ನೀರಿನ ವಾಲ್ವು ಒಂದು ಕೂದಲೆಳೆ ಕಮ್ಮಿ ಮಾಡೋಕೆ ಹೇಳು ಅವನಿಗೆ, ಬೇಗ’ ಅಂದರು. ಅದು ನಿನ್ನೆಯದಪ್ಪಾ, ಈಗ ನಡೀತಿಲ್ಲ ಅಂದೆ. ‘ಹೌದಾ’ ಅಂದು ಮತ್ತೆ ಕಿವಿಗೆ ಹಿಡಿದರು.

---

ಸಲಿಕೆ_ಸೋಮ · ಭಾನುವಾರ, ಬೆಳಿಗ್ಗೆ 9:31

ಚೆಲ್ಲುತ್ತಿತ್ತು ಅಕ್ಕ. ಡ್ರೈವರ್ ಕೂಡ ಆಗ ಅದನ್ನೇ ಹೇಳಿದರು. ಮೂರು ನಿಮಿಷ ನಲವತ್ತು ಸೆಕೆಂಡಿಗೆ ನಾನು ಕಮ್ಮಿ ಮಾಡಿದ್ದೇನೆ, ಅಲ್ಲಿಂದ ಸಣ್ಣ ಶಿಳ್ಳೆಯಂತೆ ಕೇಳಿಸುತ್ತದೆ ನೋಡಿ. ಅಲ್ಲಿವರೆಗೂ ಕೇಳಿದರಾ ಅವರು?